ಟೆಂಡರ್ ಪ್ರವಚನ: ನನ್ನ ಅನುಭವ

ದೇವರ ಇಚ್ಛಾ ಅನ್ನೋ ವಿಷಯ ಎತ್ತಿಕೊಂಡ್ರ ಮಂದಿ ಅರ್ಧಕ್ಕ ಎದ್ದು ಹೊಕ್ಕಾರ, ಪುರಾಣದ ಕಥಿ ಹೇಳ್ಕೊಂಡು ಸುಮ್ನಿರು ಅಂತ ಹಿರಿಯ ಪ್ರವಚನಕಾರರು ಹೇಳ್ತಿದ್ರು. ಈಗ ಬ್ಯಾಡಗಿ, ರಾಣೆಬೆನ್ನೂರು ಕಡೆ ಹಳ್ಳಿಯವ್ರು ‘ಆ ಟೆಂಡರ್ ಪ್ರವಚನಾನ ಹೇಳ್ರಿ’ ಅಂತ ಕೇಳಿ ಕರಸ್ತಾರ. ಮೆಣಸಿನಕಾಯಿ ಮಾರ್ಕೆಟ್ಟಿನ ಟೆಂಡರ್ ದೃಷ್ಟಾಂತ ಇಟ್ಕೊಂಡು ದೇವರ ಇಚ್ಛಾಕ್ಕ ಬಿಡೋದು ಹೇಳೋ ಪ್ರವಚನ ಅದು. ನಮ್ಮ ಪ್ರವಚನದ ಲೈನಿನವ್ರಿಗೆ ಉಪಯೋಗ ಆಗ್ಲಿ ಅಂತ ಬರಿಯಾಕತ್ತೇನಿ.

ನಾವಿ, ಸಮುದ್ರ ದೃಷ್ಟಾಂತ ಮೊದಲ ಬಿಟ್ಟೆ. ಬೇಸಗಿಯಾಗ ನೀರಿಗೆ ಕೊಡ ಹಿಡ್ಕೊಂಡು ನಿಲ್ಲೋ ಗದಗ ಕಡೆ ಮಂದಿಗೆ ಸಮುದ್ರ ದಾಟೋ ಸುದ್ದಿ ಏನ್ ಹತ್ತತೈತಿ? ಆಮ್ಯಾಲೆ ಹುಬ್ಬಳ್ಳಿ ಸ್ಟೇಷನ್. 1507 ಮೀಟರ್ ಪ್ಲಾಟ್‌ಫಾರ್ಮ್ 2023ರಾಗ ಉದ್ಘಾಟನೆ ಆದಾಗ ಎಲ್ಲಾ ಕಡೆ ಅದ ಮಾತು, ನಾನೂ ಬಿಸಿ ಇದ್ದಾಗ ಬಡದೆ: ಗಾಡಿ ಬರೋದು ಬರ್ತೈತಿ, ನೀ ನಿಂತಿರು, ನಿನ್ನ ಡಬ್ಬಿ ನಿನ್ನ ಮುಂದ ಬರ್ತೈತಿ. ಒಬ್ಬ ಹುಡುಗ ಎದ್ದು ‘ಗುರುಗಳ, ನಾವು ಜನರಲ್ ಡಬ್ಬಿಯವ್ರು, ಓಡದಿದ್ರ ನಿಲ್ಲಾಕೂ ಜಾಗ ಸಿಗೂದಿಲ್ರಿ’ ಅಂದ. ಇಡೀ ಗುಡಿ ನಕ್ಕತು. ಆ ಊರಾಗ ದಿನಕ್ಕ ಐನೂರು ಅಂತ ಮಾತಾಗಿತ್ತು, ಕಡೀಕ ಕೈಗೆ ಬಂದದ್ದು ಅದರ ಅರ್ಧ, ಅದರಾಗ ತಬಲಾದಾಂವಗ ಕೊಟ್ಟು ಬಸ್ ಚಾರ್ಜ್ ಕಳದ್ರ ಚಾದ ರೊಕ್ಕ ಉಳೀತು ಅಷ್ಟ.

ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಾಕ ಶುರು ಮಾಡಿದ್ದು ಅದರ ಮ್ಯಾಲೆ. ಸೋಮವಾರ, ಗುರುವಾರ ಎಪಿಎಂಸಿಯಾಗ ಕಾಲಿಡಾಕ ಜಾಗ ಇರೂದಿಲ್ಲ, ಸೀನಿ ಸೀನಿ ಸಾಕಾಗ್ತೈತಿ. ಮೆಣಸಿನಕಾಯಿ ಚೀಲ ದಲಾಲಿ ಅಂಗಡಿ ಮುಂದ ಸುರೀತಾರ, ವ್ಯಾಪಾರಿಗಳು ಬಣ್ಣ ನೋಡಿ, ಮುರದು, ಹಸಿ ಐತೋ ಒಣಗೈತೋ ನೋಡಿ, ಟೆಂಡರ್ ಹಾಕ್ತಾರ, ಒಬ್ಬರ ರೇಟು ಇನ್ನೊಬ್ಬರಿಗೆ ಗೊತ್ತಿಲ್ಲ. ರೈತಗ ರೇಟು ಒಪ್ಪಿಗಿ ಇಲ್ಲಂದ್ರ ಕೊಡೂದಿಲ್ಲ ಅನ್ನಬಹುದು, ಕೋಲ್ಡ್ ಸ್ಟೋರೇಜಿಗೆ ಹಾಕಬಹುದು, ಅದಕ್ಕ ಬಾಡಗಿ ಬೀಳ್ತೈತಿ.

ಮೊದಲನೇ ಸಲ ದೇವರನ್ನ ಖರೀದಿದಾರ ಮಾಡಿ ಹೇಳಿದೆ. ಒಬ್ಬ ರೈತ, ‘ಅಂದ್ರ ಅಂವನೂ ರೇಟು ಬೀಳಸಾಂವನ ಏನ್ರೀ?’ ಅಂದ. ಅಲ್ಲಿಗೆ ಮುಗೀತು ಆ ದಿನದ್ದು. ಕಮಿಟಿ ಅಧ್ಯಕ್ಷರು, ಗುಡ್ಯಾಗ ಮೆಣಸಿನಕಾಯಿ ಸುದ್ದಿ ಯಾಕ ಅಂದ್ರು. ಇದ ಜಿಲ್ಲಾದ ಶಿಶುನಾಳದ ಶರೀಫಜ್ಜ ಸೋರೋ ಮಾಳಗಿ ಇಟ್ಕೊಂಡು ತತ್ವ ಹೇಳ್ಯಾರಲ್ರಿ ಅಂದೆ, ಸುಮ್ನಾದ್ರು. ಆದ್ರ ಆ ರೈತನ ಮಾತು ಖರೇ ಇತ್ತು.

ಈಗ ದೇವರನ್ನ ಮಾರ್ಕೆಟ್ಟಿನಾಗ ತರೂದ ಇಲ್ಲ. ಕೈ ಎಲ್ಲಿ ಬಿಡ್ತೀವಿ, ಆ ಒಂದು ಜಾಗ ಹುಡುಕ್ತೇನಿ. ಕಡ್ಡಿ ತಳಿ ಮೆಣಸಿನಕಾಯಿ ಹಚ್ಚೋದೋ ಡಬ್ಬಿ ತಳಿ ಹಚ್ಚೋದೋ, ಒಣಗಸೋದು, ಕೆಟ್ಟದ್ದು ಆರಸೋದು, ಇವತ್ತ ಕೊಡೋದೋ ಬ್ಯಾಡೋ, ಇದೆಲ್ಲಾ ನಿನ್ನ ಕೈಯಾಗ, ಇದರಾಗ ‘ದೇವರು ನೋಡ್ಕೊಂತಾನ’ ಅಂದ್ರ ಅದು ಆಲಸ್ಯ. ಹ್ಞೂಂ ಅಂದು ಚೀಲ ತೂಕಕ್ಕ ಹ್ವಾದ ಮ್ಯಾಲೆ, ಮುಂದಿನ ಗುರುವಾರ ರೇಟು ಏರಿದ್ರೂ ಅದು ನಿಂದಲ್ಲ. ಅಲ್ಲಿ ನಿಲ್ಲಸ್ತೇನಿ. ಮುಂದಿಂದು ಕೇಳಾವ್ರ ತುಂಬ್ಕೊಂತಾರ. ಮಗಳನ್ನ ಧಾರವಾಡಕ್ಕ ಓದಾಕ ಕಳಸಿ ದಿನಾ ನಾಕ್ ಸಲ ಫೋನ್ ಹಚ್ತಿದ್ದ ಒಬ್ಬ ತಾಯಿ ಮರುದಿನ ಬಂದು, ‘ನಂದೂ ತೂಕ ಆಗಿ ಹ್ವಾದ ಚೀಲಾನ ರೀ, ನಾ ಇನ್ನೂ ಅದರ ಬೆನ್ನ ಹತ್ತಿ ಹೊಂಟೇನಿ’ ಅಂದ್ರು. ಇಷ್ಟು ವರ್ಷದಾಗ ನಾ ಹೇಳಿದ್ದು ಯಾರೂ ಹಿಂಗ ತಿರುಗಿಸಿ ಹೇಳಿರ್ಲಿಲ್ಲ, ಸುಳ್ಳ್ಯಾಕ ಹೇಳ್ಲಿ, ಎದಿ ಉಬ್ಬಿತು.

ಬೆಟಗೇರಿ ನೇಕಾರ್ರಿಗೆ ಮಗ್ಗದ್ದು ಮಾಡಿ ನೋಡೇನಿ, ಅಷ್ಟಕ್ಕಷ್ಟ. ಮಗ್ಗದಾಗ ತಪ್ಪಿದ್ರ ಎಳಿ ಬಿಚ್ಚಿ ಮತ್ತ ನೇಯಬಹುದು, ಕೈ ಬಿಡೋ ಜಾಗಾನ ಸಿಗ್ಲಿಲ್ಲ. ಡ್ರೈವರ್ ಕೆಲಸದಾಗೂ ಹುಡುಕೇನಿ, ಅದರಾಗ ಕೈ ಬಿಟ್ರ ಏನಾಗ್ತೈತಿ ನಿಮಗ ಗೊತ್ತ ಐತಿ.

ಹೊಸಾ ಊರಿಗೆ ಒಂದಿನ ಮೊದಲ ಹೋಗಿ ಹಿಟ್ಟಿನ ಗಿರಣ್ಯಾಗ ಕುಂದರ್ತೇನಿ, ಅಲ್ಲಿ ಎರಡು ಪ್ರಶ್ನೆ ಕೇಳ್ತೇನಿ. ಯಾವು ಅಂತ ಇಲ್ಲಿ ಬರಿಯೂದಿಲ್ಲ, ಅದು ನನ್ನ ಹೊಟ್ಟಿಪಾಡು. ಈಗ ದಿನಕ್ಕ ಸಾವಿರದ ಮ್ಯಾಲೆ ಸಿಗ್ತೈತಿ, ತಬಲಾದಾಂವಂದು ಕಮಿಟಿಯವ್ರ ಬ್ಯಾರೆ ಕೊಡ್ತಾರ. ಬರೋ ಶ್ರಾವಣಕ್ಕ ಕುಂದಗೋಳ ಕಡೆ ಎರಡು ಊರು ಒಪ್ಕೊಂಡೇನಿ, ಅಲ್ಲಿ ಹತ್ತಿ, ಶೇಂಗಾನೂ ಬೆಳೀತಾರ, ಮೆಣಸಿನಕಾಯಿ ದೃಷ್ಟಾಂತ ಎಷ್ಟು ನಡೀತೈತಿ ನೋಡಬೇಕು.