ಹೋಟೆಲಿನ ತಟ್ಟೆಯಲ್ಲಿರುವುದು ಈಗ ಮಾಡಿದ್ದೋ, ಮೊದಲೇ ಮಾಡಿಟ್ಟಿದ್ದೋ: ಗುರುತಿಸುವ ಬಗೆ

ಹೋಟೆಲಿನಲ್ಲಿ ಕುಳಿತ ಕೂಡಲೇ ನಮ್ಮಲ್ಲಿ ಬಹಳ ಮಂದಿ ಕೇಳುವ ಮೊದಲ ಪ್ರಶ್ನೆ ‘ಬಿಸಿ ಏನಿದೆ?’ ಎಂಬುದು. ಸಪ್ಲೈಯರ್ ಒಂದೇ ಉಸಿರಿನಲ್ಲಿ ಇಡ್ಲಿ, ವಡೆ, ಖಾರಾಬಾತ್, ಪೂರಿ, ಸೆಟ್ ದೋಸೆ ಎಂದು ಒಪ್ಪಿಸುತ್ತಾನೆ. ಆದರೆ ಕೇಳಿದವರಿಗೆ ನಿಜವಾಗಿ ಬೇಕಾಗಿರುವುದು ಬಿಸಿಯ ಸುದ್ದಿಯಲ್ಲ, ಆ ತಿಂಡಿ ಎಷ್ಟು ಹೊತ್ತಿನ ಹಿಂದೆ ತಯಾರಾಯಿತು ಎಂಬ ಸುದ್ದಿ. ಬಿಸಿ ಮಾಡುವುದಕ್ಕೆ ಮೈಕ್ರೊವೇವ್ ಸಾಕು. ನಿನ್ನೆಯ ವಡೆಯನ್ನು ಇನ್ನೊಮ್ಮೆ ಎಣ್ಣೆಗೆ ಬಿಟ್ಟರೆ ಅದೂ ಬಿಸಿಯಾಗಿಯೇ ಬರುತ್ತದೆ. ಆದ್ದರಿಂದ ಪ್ರಶ್ನೆಯನ್ನು ಕೊಂಚ ಬದಲಿಸಿಕೊಂಡು, ಉತ್ತರವನ್ನು ಸಪ್ಲೈಯರ್‌ನ ಮಾತಿನಲ್ಲಿ ಮಾತ್ರವಲ್ಲದೆ ತಟ್ಟೆಯಲ್ಲಿಯೂ ಹುಡುಕುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಹುಡುಕಲು ಹೊರಡುವ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕಾಗುತ್ತದೆ. ಎಲ್ಲವನ್ನೂ ಗಿರಾಕಿ ಬಂದ ಮೇಲೆ ಮೊದಲಿನಿಂದ ಮಾಡುವ ಹೋಟೆಲು ಎಲ್ಲಿಯೂ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಇಡ್ಲಿಯ ಹಿಟ್ಟು ಹಿಂದಿನ ದಿನವೇ ನೆನೆದು, ರುಬ್ಬಿಸಿಕೊಂಡು, ರಾತ್ರಿಯಿಡೀ ಹುದುಗಿರಲೇಬೇಕು; ಅದನ್ನು ‘ಮೊದಲೇ ಮಾಡಿಟ್ಟಿದ್ದು’ ಎಂದು ದೂರುವವರಿಗೆ ಇಡ್ಲಿಯೇ ಸಿಕ್ಕುವುದಿಲ್ಲ. ಫ್ರಾನ್ಸ್ 2014ರಲ್ಲಿ, ಸ್ವಂತ ಅಡುಗೆಮನೆಯಲ್ಲಿ ಕಚ್ಚಾ ಪದಾರ್ಥಗಳಿಂದ ಮಾಡಿದ ಖಾದ್ಯಕ್ಕೆ ‘ಫೆ ಮೆಝೋ’, ಅಂದರೆ ‘ಮನೆಯಲ್ಲೇ ಮಾಡಿದ್ದು’, ಎಂಬ ಅಧಿಕೃತ ಗುರುತನ್ನು ಜಾರಿಗೆ ತಂದಿತು; ಮನೆಯ ಮಾಡನ್ನೇ ಮುಚ್ಚಳವಾಗಿ ಹೊತ್ತ ಪಾತ್ರೆ ಅದರ ಚಿಹ್ನೆ. ಆ ನಿಯಮ ಕೂಡ ಹೆಪ್ಪುಗಟ್ಟಿಸಿದ ಕಚ್ಚಾ ತರಕಾರಿಯನ್ನು ಬಳಸಲು ಅವಕಾಶ ಕೊಡುತ್ತದೆ. ಮುಂಗಡ ತಯಾರಿ ತಪ್ಪಲ್ಲ. ಯಾವ ಹಂತವನ್ನು ಎಲ್ಲಿ, ಯಾವಾಗ ಮುಗಿಸಿದರು ಎಂಬುದೇ ವಿಚಾರಿಸಬೇಕಾದ ಸಂಗತಿ.

ಹೀಗಾಗಿ ಮೊದಲು ಮಾಡಬೇಕಾದ ಕೆಲಸವೆಂದರೆ, ನೀವು ತರಿಸುವ ಪ್ರತಿಯೊಂದು ತಿಂಡಿಯ ಕೊನೆಯ ಹಂತ ಯಾವುದು ಎಂದು ಯೋಚಿಸುವುದು. ದೋಸೆಯ ಕೊನೆಯ ಹಂತ ಕಾವಲಿಯ ಮೇಲೆ ನಡೆಯುತ್ತದೆ, ಅದು ನಿಮಗಾಗಿಯೇ ನಡೆಯಬೇಕು. ಇಡ್ಲಿ ಬೇಯುವುದಕ್ಕೆ ಹತ್ತು ಹನ್ನೆರಡು ನಿಮಿಷ ಬೇಕಾಗುವುದರಿಂದ ಅದನ್ನು ಒಬ್ಬೊಬ್ಬರಿಗಾಗಿ ಬೇಯಿಸುವುದಿಲ್ಲ, ಒಂದೊಂದು ಒಬ್ಬೆಯಾಗಿ ಇಳಿಸುತ್ತಾರೆ. ಅಲ್ಲಿ ಕೇಳಬೇಕಾದುದು ಒಬ್ಬೆ ಇಳಿದು ಎಷ್ಟು ಹೊತ್ತಾಯಿತು ಎಂದು. ಸಾಂಬಾರು, ಬಿಸಿಬೇಳೆಬಾತ್, ಖಾರಾಬಾತ್‌ಗಳು ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ತಯಾರಾಗುವಂಥವು. ಉತ್ತರ ಭಾರತದ ದಾಲ್ ಮಖನಿಯ ಉದ್ದಿನಕಾಳು ನೆನೆದು, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಬೇಕು, ಆದ್ದರಿಂದ ಹತ್ತು ನಿಮಿಷದಲ್ಲಿ ಬಂದ ದಾಲ್ ಮಖನಿ ಮೊದಲೇ ಮಾಡಿಟ್ಟದ್ದೆಂದು ಆಕ್ಷೇಪಿಸುವುದರಲ್ಲಿ ಅರ್ಥವಿಲ್ಲ. ಅದೇ ಹತ್ತು ನಿಮಿಷದಲ್ಲಿ ‘ದಮ್ ಬಿರಿಯಾನಿ, ನಿಮಗಾಗಿಯೇ ಮಾಡಿದ್ದು’ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ದೊನ್ನೆ ಬಿರಿಯಾನಿಯ ಹಳೆಯ ಅಂಗಡಿಗಳು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ: ಪಾತ್ರೆ ಇಳಿದಾಗ ಮಾರಾಟ, ತಳ ಕಂಡಾಗ ‘ಖಾಲಿ’.

ಗಡಿಯಾರದ ನಂತರ ಮೆನು ಕಾರ್ಡಿನ ಕಡೆಗೆ ನೋಡಿ. ಎಂಟು ಮೇಜುಗಳ ಹೋಟೆಲಿನ ಕಾರ್ಡಿನಲ್ಲಿ ದಕ್ಷಿಣ ಭಾರತೀಯ, ಉತ್ತರ ಭಾರತೀಯ, ಚೈನೀಸ್, ಪಿಜ್ಜಾ, ಪಾಸ್ತಾ ಎಲ್ಲ ಸೇರಿ ಇನ್ನೂರು ಹೆಸರುಗಳಿದ್ದರೆ, ಅಷ್ಟನ್ನೂ ಪ್ರತಿದಿನ ಹೊಸದಾಗಿ ಮಾಡುವ ಅಡುಗೆಯವರು ಅಲ್ಲಿ ಇರಲಾರರು. ಉತ್ತರ ಭಾರತೀಯ ಪುಟದ ಗುಟ್ಟು ಅಡುಗೆಮನೆ ಬಲ್ಲವರಿಗೆಲ್ಲ ಗೊತ್ತು: ಈರುಳ್ಳಿ–ಟೊಮೇಟೊ ಗ್ರೇವಿ, ಗೋಡಂಬಿಯ ಬಿಳಿ ಗ್ರೇವಿ, ಮಖನಿ ಗ್ರೇವಿ, ಪಾಲಕ್ ಗ್ರೇವಿ ಎಂಬ ನಾಲ್ಕು ಪಾತ್ರೆಗಳನ್ನು ಬೆಳಿಗ್ಗೆಯೇ ಸಿದ್ಧಮಾಡಿ, ಗಿರಾಕಿ ಕೇಳಿದಾಗ ಅವುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಪನೀರೋ ಅಣಬೆಯೋ ಬಟಾಣಿಯೋ ಹಾಕಿ ಕುದಿಸಿದರೆ ನಲವತ್ತು ಹೆಸರುಗಳು ಹುಟ್ಟುತ್ತವೆ. ಇದು ಮೋಸವೇನಲ್ಲ, ಹೋಟೆಲು ನಡೆಸುವ ಕ್ರಮ. ಆದರೆ ಎರಡು ಬೇರೆ ಹೆಸರಿನ ಪಲ್ಯಗಳನ್ನು ತರಿಸಿ, ಬೆಲೆಯಲ್ಲಿ ಅರವತ್ತು ರೂಪಾಯಿ ವ್ಯತ್ಯಾಸ ಕಂಡು, ನಾಲಿಗೆಗೆ ಯಾವ ವ್ಯತ್ಯಾಸವೂ ತಿಳಿಯದಿದ್ದರೆ, ಮುಂದಿನ ಸಲ ಅಗ್ಗದ್ದನ್ನೇ ತರಿಸಬಹುದು.

ತಟ್ಟೆ ಮುಂದೆ ಬಂದ ಮೇಲೆ ಮೊಟ್ಟಮೊದಲು ಪರೀಕ್ಷಿಸಬೇಕಾದುದು ಚಟ್ನಿಯನ್ನು. ನನ್ನ ಅನುಭವದಲ್ಲಿ ನಮ್ಮ ಕಡೆಯ ತಿಂಡಿ ಹೋಟೆಲಿನ ಅತ್ಯಂತ ನಂಬಿಕಸ್ಥ ಸಾಕ್ಷಿ ಅದೇ. ಹಸಿ ತೆಂಗಿನಕಾಯಿಯ ಚಟ್ನಿ ನಮ್ಮ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಹುಳಿಯತೊಡಗುತ್ತದೆ, ಮತ್ತೆ ಕಾಯಿಸಿ ಅದನ್ನು ಸರಿಪಡಿಸುವ ದಾರಿಯಿಲ್ಲ, ಫ್ರಿಜ್ಜಿನಲ್ಲಿ ಇಟ್ಟು ತೆಗೆದರೆ ಕಾಯಿಯ ಸಿಹಿ ಹೋಗಿ ನೀರು ಬೇರೆ, ಚರಟ ಬೇರೆಯಾಗಿ ನಿಲ್ಲುತ್ತದೆ. ಒಗ್ಗರಣೆಯನ್ನೂ ಗಮನಿಸಿ: ಈಗಷ್ಟೇ ಹಾಕಿದ ಒಗ್ಗರಣೆಯ ಕರಿಬೇವು ಗರಿಗರಿಯಾಗಿ, ಸಾಸಿವೆ ಹಲ್ಲಿಗೆ ಸಿಕ್ಕಿದಾಗ ಚಿಟಿಕೆಯಂತೆ ಒಡೆಯುತ್ತದೆ, ಬೆಳಿಗ್ಗೆಯ ಒಗ್ಗರಣೆಯ ಕರಿಬೇವು ಒದ್ದೆಯಾಗಿ, ಕಂದು ಬಣ್ಣಕ್ಕೆ ತಿರುಗಿ, ಜೋತುಬಿದ್ದಿರುತ್ತದೆ. ಸಂಜೆ ನಾಲ್ಕಕ್ಕೆ ಸಿಹಿಯಾದ ಚಟ್ನಿ ಕೊಡುವ ಹೋಟೆಲು ಮಧ್ಯಾಹ್ನದ ಮೇಲೆ ಇನ್ನೊಮ್ಮೆ ರುಬ್ಬಿದೆ ಎಂದೇ ಅರ್ಥ, ಮತ್ತು ಚಟ್ನಿಯನ್ನು ಎರಡನೆಯ ಸಲ ರುಬ್ಬುವವರು ಉಳಿದ ವಿಷಯಗಳಲ್ಲಿಯೂ ಸಾಮಾನ್ಯವಾಗಿ ಎಚ್ಚರಿಕೆಯಿಂದ ಇರುತ್ತಾರೆ.

ಉಳಿದ ಪದಾರ್ಥಗಳಿಗೂ ಅವುಗಳದೇ ಗುರುತುಗಳಿವೆ. ಫ್ರಿಜ್ಜಿನಲ್ಲಿ ತಣ್ಣಗಾದ ಅನ್ನದ ಅಗುಳು ಒಳಗೆ ಬಿರುಸಾಗುತ್ತದೆ, ಬಿಸಿ ಮಾಡಿದಾಗ ಮೇಲೆ ಮೆತ್ತಗಾದರೂ ಆ ಗಟ್ಟಿತನ ಸ್ವಲ್ಪ ಉಳಿಯುತ್ತದೆ. ಇಡ್ಲಿಯೂ ಹಾಗೆಯೇ, ಮೈಕ್ರೊವೇವ್‌ನಲ್ಲಿ ಕಾಯಿಸಿದ ಇಡ್ಲಿಯ ಅಂಚು ಒಣಗಿ ರಬ್ಬರಿನಂತೆ ಎಳೆಯುತ್ತದೆ. ಗ್ರೇವಿಯ ಒಂದು ಮೂಲೆ ನಾಲಿಗೆ ಸುಡುವಂತಿದ್ದು ನಡುಭಾಗ ಉಗುರುಬೆಚ್ಚಗಿದ್ದರೆ ಅದು ಒಲೆಯ ಮೇಲೆ ಕುದಿದದ್ದಲ್ಲ. ಮೆಕ್ಕೆಜೋಳದ ಪಿಷ್ಟದಿಂದ, ಅಂದರೆ ಕಾರ್ನ್‌ಫ್ಲೋರ್‌ನಿಂದ, ಮಂದಗೊಳಿಸಿದ ಗ್ರೇವಿ ಹೆಪ್ಪುಗಟ್ಟಿ ಕರಗಿದಾಗ ನೀರು ಬಿಡುತ್ತದೆ, ಆದ್ದರಿಂದ ಮಂಚೂರಿ ಗ್ರೇವಿಯ ಅಂಚಿನಲ್ಲಿ ತೆಳು ನೀರು ನಿಂತಿದ್ದರೆ ಅನುಮಾನಿಸಬಹುದು. ಗೋಬಿಯನ್ನು ಎಲ್ಲರೂ ಮೊದಲೊಮ್ಮೆ ಕರಿದಿಟ್ಟು ಎರಡನೆಯ ಸಲ ಕರಿದೇ ಕೊಡುತ್ತಾರೆ, ಅದರಲ್ಲಿ ಹೊಸತೇನಿಲ್ಲ. ಮೊದಲ ಕರಿಕೆ ಅದೇ ದಿನದ್ದೋ ಎಂಬುದಷ್ಟೇ ಪ್ರಶ್ನೆ, ಮತ್ತು ಹಳೆಯದಾದರೆ ಹಿಟ್ಟಿನ ಕವಚ ಎಣ್ಣೆ ಕುಡಿದು ದಪ್ಪ ಚಿಪ್ಪಿನಂತಾಗಿ ಒಳಗಿನ ಹೂಕೋಸು ಕುಗ್ಗಿರುತ್ತದೆ. ಪರೋಟ, ಸಮೋಸ, ಕಟ್ಲೆಟ್, ಫ್ರೆಂಚ್ ಫ್ರೈಸ್‌ಗಳ ವಿಷಯದಲ್ಲಿ ಆಕಾರವನ್ನೇ ನೋಡಿ. ಕೈಯಲ್ಲಿ ಮಡಿಸಿದ ಸಮೋಸಗಳು ಅಣ್ಣತಮ್ಮಂದಿರಂತೆ ಇರುತ್ತವೆಯೇ ಹೊರತು ಅಚ್ಚಿನಿಂದ ತೆಗೆದಂತೆ ಇರುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಸಂಶಯ ಉಳಿದರೆ, ಬದಲಾವಣೆಯೊಂದನ್ನು ಕೇಳುವುದು ಒಳ್ಳೆಯ ಉಪಾಯ. ‘ಈರುಳ್ಳಿ ಹಾಕಬೇಡಿ’, ‘ಖಾರ ಕಡಿಮೆ ಮಾಡಿ’ ಎಂಬ ಮಾತು ಅಡುಗೆಮನೆಯ ಬಾಗಿಲನ್ನು ಅರ್ಧ ತೆರೆಯುತ್ತದೆ. ಖಾರಾಬಾತಿನಲ್ಲಿ ಅದು ಆಗುವುದಿಲ್ಲ ಎಂದರೆ ಸಹಜ, ಆದರೆ ಬಾಣಲೆಯಲ್ಲಿ ಆಗಲೇ ಹುರಿಯಬೇಕಾದ ಫ್ರೈಡ್ ರೈಸಿನಲ್ಲಿಯೂ ಆಗುವುದಿಲ್ಲ ಎಂದರೆ ಅದು ಈಗಾಗಲೇ ಹುರಿದು ಕುಳಿತಿದೆ. ಒಮ್ಮೆ ಹೆದ್ದಾರಿಯ ಬದಿಯ ಹೋಟೆಲೊಂದರಲ್ಲಿ ಈರುಳ್ಳಿಯಿಲ್ಲದ ಫ್ರೈಡ್ ರೈಸ್ ಬೇಕೆಂದು ನಾನು ಹೇಳಿದಾಗ, ಹುಡುಗ ಒಳಗೆ ಹೋಗಿ ಬಂದು, ‘ಸಾರ್, ಈರುಳ್ಳಿ ಆರಿಸಿ ತೆಗೆದುಕೊಡ್ತಾರಂತೆ’ ಎಂದು ಅತ್ಯಂತ ವಿನಯದಿಂದ ತಿಳಿಸಿದ. ಅದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಇದುವರೆಗೂ ಸಿಕ್ಕಿಲ್ಲ. ಕೇಳುವಾಗ ಆರೋಪದ ಧ್ವನಿ ಬೇಡ. ‘ಏನಪ್ಪಾ, ಈಗ ಒಲೆಯಿಂದ ಯಾವುದು ಇಳೀತಿದೆ?’ ಎಂದು ವಿಚಾರಿಸಿದರೆ, ಬಹುತೇಕ ಸಪ್ಲೈಯರುಗಳು ನಿಜವನ್ನೇ ಹೇಳುತ್ತಾರೆ, ಏಕೆಂದರೆ ತಣ್ಣಗಿನ ವಡೆ ವಾಪಸು ಬಂದರೆ ಓಡಾಡಬೇಕಾದವರು ಅವರೇ.

ನಿಮ್ಮ ಬಡಾವಣೆಯಲ್ಲಿ ನೀವು ಪದೇ ಪದೇ ಹೋಗುವ ಹೋಟೆಲಾದರೆ, ಒಂದು ಬೆಳಿಗ್ಗೆ ಅದರ ಹಿಂದಿನ ಓಣಿಯಲ್ಲಿ ನಡೆದು ಬನ್ನಿ. ತೆಂಗಿನ ಚಿಪ್ಪಿನ ರಾಶಿ, ಈರುಳ್ಳಿ ಸಿಪ್ಪೆಯ ಮೂಟೆ, ಕೊತ್ತಂಬರಿಯ ಬೇರು ಕಂಡರೆ ಒಳಗೆ ಅಡುಗೆ ನಡೆಯುತ್ತಿದೆ. ಕೇವಲ ರಟ್ಟಿನ ಪೆಟ್ಟಿಗೆಗಳೂ ಖಾಲಿ ಪ್ಲಾಸ್ಟಿಕ್ ಚೀಲಗಳೂ ಕಂಡರೆ, ಅಡುಗೆ ಬೇರೆಲ್ಲೋ ನಡೆದಿದೆ. ಆ ‘ಬೇರೆಲ್ಲೋ’ ಹೆಚ್ಚಾಗಿ ಸೆಂಟ್ರಲ್ ಕಿಚನ್ ಆಗಿರುತ್ತದೆ. ಹಲವು ಶಾಖೆಗಳಿರುವ ಸಂಸ್ಥೆಗಳು ಹಿಟ್ಟು, ಸಾಂಬಾರು, ಪಲ್ಯಗಳನ್ನು ಒಂದೆಡೆ ಮಾಡಿ, ಬೆಳಗಿನ ಜಾವ ವಾಹನದಲ್ಲಿ ಕಳುಹಿಸುತ್ತವೆ. ಇದರಿಂದ ರುಚಿ ಎಲ್ಲ ಶಾಖೆಗಳಲ್ಲಿಯೂ ಒಂದೇ ಆಗುತ್ತದೆ ಎಂಬುದು ನಿಜ, ಹಾಗೆಯೇ ಮಧ್ಯಾಹ್ನದ ಸಾಂಬಾರಿಗೆ ಬೆಳಗಿನ ವಯಸ್ಸೇ ಇರುತ್ತದೆ ಎಂಬುದೂ ನಿಜ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿಯ ಲೆಕ್ಕವನ್ನು ತೋರಿಸಬೇಕೆಂಬ ನಿಯಮ 2022ರ ಜುಲೈನಿಂದ ಜಾರಿಯಲ್ಲಿದೆ. ಆ ಅಂಕಿಗಳನ್ನು ಕಂಡಾಗ, ಅಲ್ಲಿ ಪ್ರತಿ ಸೌಟಿನ ಅಳತೆಯೂ ಮೊದಲೇ ನಿಗದಿಯಾಗಿದೆ, ಅಡುಗೆ ಭಟ್ಟರ ಕೈಗುಣಕ್ಕೆ ಹೆಚ್ಚು ಜಾಗವಿಲ್ಲ ಎಂದು ಊಹಿಸಬಹುದು.

ಇನ್ನೊಂದು ಬಗೆ, ಪೂರ್ತಿ ಬೇಯಿಸಿ ಪೊಟ್ಟಣದಲ್ಲಿ ಮುಚ್ಚಿದ ಆಹಾರ. ಈ ರಿಟಾರ್ಟ್ ಪೊಟ್ಟಣದ ತಂತ್ರಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ: ಭಾರತೀಯ ಸೈನಿಕರಿಗಾಗಿ ಇಂಥ ಊಟಗಳನ್ನು ಅಭಿವೃದ್ಧಿಪಡಿಸಿದ್ದು, 1961ರಲ್ಲಿ ಸ್ಥಾಪನೆಯಾದ, ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಮುಚ್ಚಿದ ಪೊಟ್ಟಣವನ್ನು ಸುಮಾರು 121 ಡಿಗ್ರಿ ಸೆಲ್ಸಿಯಸ್‌ ಉಷ್ಣತೆಯಲ್ಲಿ ಒತ್ತಡಕ್ಕೊಳಪಡಿಸಿ ಕಾಯಿಸುವುದರಿಂದ ಅದು ಫ್ರಿಜ್ಜಿಲ್ಲದೆಯೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಆ ಕಾವಿನಲ್ಲಿ ತರಕಾರಿ ತೀರಾ ಮೆತ್ತಗಾಗಿ, ಮಸಾಲೆಯ ಪ್ರತ್ಯೇಕ ಪರಿಮಳಗಳು ಒಂದಾಗಿ ಕಲೆತುಹೋಗುತ್ತವೆ. ಸುರಕ್ಷತೆಯ ದೃಷ್ಟಿಯಿಂದ ಅದಕ್ಕೆ ಹೆಸರಿಡುವಂತಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಪೊಟ್ಟಣದ ಎರಡು ಮೂರು ಪಟ್ಟು ಬೆಲೆ ತೆತ್ತು ಅದನ್ನೇ ಹೋಟೆಲಿನಲ್ಲಿ ತಿನ್ನಲು ನನಗೆ ಮನಸ್ಸಿಲ್ಲ.

ಸುರಕ್ಷತೆಯ ಮಾತು ಬಂದುದರಿಂದ ಹೇಳಬೇಕಾದುದು, ಅಪಾಯವಿರುವುದು ಮೊದಲೇ ಮಾಡುವುದರಲ್ಲಿ ಅಲ್ಲ, ಮಾಡಿದ್ದನ್ನು ಹೇಗೆ ಇಡುತ್ತಾರೆ ಎಂಬುದರಲ್ಲಿ. ಬೇಗ ಕೆಡುವ ಬೇಯಿಸಿದ ಆಹಾರ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿರಬೇಕು ಇಲ್ಲವೇ 5 ಡಿಗ್ರಿಗಿಂತ ಕೆಳಗೆ ತಣ್ಣಗಿರಬೇಕು. ನಡುವಿನ ಉಷ್ಣತೆಯಲ್ಲಿ ಸೂಕ್ಷ್ಮಜೀವಿಗಳು ವೇಗವಾಗಿ ಹೆಚ್ಚುತ್ತವೆ. ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಬದುಕಿ ಉಳಿದು, ಹೊರಗೆ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ ಬೆಳೆದು, ವಾಂತಿ ತರಿಸುವ ವಿಷವನ್ನು ಉತ್ಪಾದಿಸುತ್ತವೆ. ಆ ವಿಷ ಮತ್ತೆ ಹುರಿದರೂ ನಾಶವಾಗುವುದಿಲ್ಲ. ಮಧ್ಯಾಹ್ನದ ಅನ್ನ ಸಂಜೆಯ ಚಿತ್ರಾನ್ನವಾಗುವ ಪದ್ಧತಿ ಮನೆಯಲ್ಲಿಯೂ ಇದೆಯಲ್ಲ ಎನ್ನಬಹುದು, ಆದರೆ ಮನೆಯ ಅನ್ನ ಎಲ್ಲಿತ್ತು, ಎಷ್ಟು ಹೊತ್ತಿತ್ತು ಎಂಬುದು ನಮಗೆ ಗೊತ್ತಿರುತ್ತದೆ. ಆದ್ದರಿಂದ ಜನ ಕಡಿಮೆಯಿರುವ ಇಳಿಹೊತ್ತಿನಲ್ಲಿ ಅನ್ನದ ತಿಂಡಿಗಳನ್ನು ಬಿಟ್ಟು, ಕಾವಲಿಯಿಂದ ನೇರವಾಗಿ ತಟ್ಟೆಗೆ ಬರುವ ದೋಸೆಯನ್ನೋ ಈರುಳ್ಳಿ ಊತಪ್ಪವನ್ನೋ ತರಿಸುವುದು ಲೇಸು.

ಆ್ಯಪಿನ ಮೂಲಕ ತರಿಸುವವರಿಗೆ ಒಲೆಯೂ ಕಾಣುವುದಿಲ್ಲ, ಓಣಿಯೂ ಕಾಣುವುದಿಲ್ಲ. ಅವರಿಗೆ ಉಳಿದಿರುವ ಸಾಧನ ಪ್ರತಿ ಆಹಾರ ಮಳಿಗೆಗೂ ಇರಬೇಕಾದ, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌.ಎಸ್‌.ಎಸ್‌.ಎ.ಐ.) 14 ಅಂಕಿಗಳ ಪರವಾನಗಿ ಸಂಖ್ಯೆ. ಆ್ಯಪಿನಲ್ಲಿ ಹೋಟೆಲಿನ ಪುಟದ ಕೆಳತುದಿಗೆ ಹೋದರೆ ಸಾಮಾನ್ಯವಾಗಿ ಆ ಸಂಖ್ಯೆಯೂ ವಿಳಾಸವೂ ಸಿಗುತ್ತವೆ. ಬಿರಿಯಾನಿಯ ಒಂದು ಹೆಸರು, ಪರಾಠದ ಇನ್ನೊಂದು ಹೆಸರು, ಚೈನೀಸಿನ ಮತ್ತೊಂದು ಹೆಸರು ಮೂರೂ ಒಂದೇ ಸಂಖ್ಯೆಯನ್ನು ತೋರಿಸಿದರೆ, ಅವು ಒಂದೇ ಕ್ಲೌಡ್ ಕಿಚನ್ನಿನ, ಅಂದರೆ ಕುಳಿತು ತಿನ್ನುವ ಜಾಗವಿಲ್ಲದೆ ಪಾರ್ಸೆಲ್ಲಿಗಾಗಿಯೇ ನಡೆಯುವ ಅಡುಗೆಮನೆಯ, ಮೂರು ಫಲಕಗಳು, ಮತ್ತು ಆ ಒಂದೇ ಅಡುಗೆಮನೆ ಅಷ್ಟು ಬಗೆಗಳನ್ನು ನಿಭಾಯಿಸಲು ಮುಂಗಡ ತಯಾರಿಯನ್ನೇ ಹೆಚ್ಚಾಗಿ ಅವಲಂಬಿಸಿರುತ್ತದೆ. ಬಂದ ಪಾರ್ಸೆಲ್ ಹಳಸಿದ್ದರೆ ಚೆಲ್ಲುವ ಮೊದಲು ಫೋಟೊ ತೆಗೆದು, ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು, ಅದೇ ಪರವಾನಗಿ ಸಂಖ್ಯೆಯನ್ನು ನಮೂದಿಸಿ ಪ್ರಾಧಿಕಾರದ ‘ಫುಡ್ ಸೇಫ್ಟಿ ಕನೆಕ್ಟ್’ ಸೇವೆಯಲ್ಲಿ ದೂರು ದಾಖಲಿಸಬಹುದು.