ಪೀಕ್ ಕೋಟಿಂಗ್ ಏಳಬಾರದು ಅಂದ್ರೆ ಮೊದಲು ಲೋಹವನ್ನು ಕಾಯಿಸಿ

ಪುಣೆ ಹತ್ತಿರದ ಭೋಸರಿ, ಚಾಕಣ್ ಕಡೆಯ ಸ್ಪ್ರೇ ಶಾಪ್‌ಗಳಲ್ಲಿ ದುಡಿಯುವ ನಮ್ಮವರಿಗೆ ಇದು ಉಪಯೋಗಕ್ಕೆ ಬರಲಿ. ಪೀಕ್ ಅಂದ್ರೆ ಬಿಸಿಯನ್ನೂ ರಾಸಾಯನಿಕವನ್ನೂ ತಡೆಯುವ ಗಟ್ಟಿ ಪ್ಲಾಸ್ಟಿಕ್, ಅದರ ಪುಡಿಯನ್ನು ಜ್ವಾಲೆಯಲ್ಲಿ ಹಾಯಿಸಿ ಲೋಹಕ್ಕೆ ಹೊಡೆಯುತ್ತೇವೆ. ಆ ಪದರ ಎದ್ದು ಬಂದರೆ ಎಲ್ಲರೂ ಗನ್‌ ಸರಿಯಿಲ್ಲ, ಪೌಡರ್ ಸರಿಯಿಲ್ಲ ಅನ್ನುತ್ತಾರೆ. ಲೋಹ ಸರಿಯಾಗಿ ಕಾದಿತ್ತಾ ಅಂತ ಯಾರೂ ನೋಡುವುದಿಲ್ಲ.

ಪೀಕ್ ಕರಗುವುದು 343 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಜ್ವಾಲೆಯಲ್ಲಿ ಮೆತ್ತಗಾದ ಪುಡಿ ತಣ್ಣಗಿನ ಉಕ್ಕಿಗೆ ಬಡಿದರೆ ಅಲ್ಲೇ ಗಟ್ಟಿಯಾಗುತ್ತದೆ, ಗಟ್ಟಿ ಕಣಗಳನ್ನು ಜೋರಾಗಿ ಹೊಡೆದು ಲೋಹವನ್ನು ಒರಟು ಮಾಡುವ ಬ್ಲಾಸ್ಟಿಂಗ್‌ನಿಂದ ಆದ ಸಣ್ಣ ಕುಳಿಗಳಿಗೆ ಇಳಿಯುವುದೇ ಇಲ್ಲ. ಹಾಗಾಗಿ ಮೊದಲು ಕಾಯಿಸಿ, ತೆಳುವಾಗಿ ಒಂದು ಪದರ ಹೊಡೆಯಿರಿ. ಅದು ಪೂರ್ತಿ ಕರಗಿ, ಒದ್ದೆಯಾದಂತೆ ಹೊಳೆಯುವವರೆಗೆ ಮತ್ತೆ ಕಾಯಿಸಿ, ಆಮೇಲೆ ಮುಂದಿನ ಪದರ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸಬೇಡಿ, ಕಪ್ಪಾಯಿತು ಅಂದರೆ ಸುಟ್ಟಿದೆ ಅಂತಲೇ ಅರ್ಥ.

ಬಿಸಿ ಅಳೆಯುವಾಗ ಜಾಗ್ರತೆ. ಹೊಳೆಯುವ ಬರಿ ಲೋಹದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಕಡಿಮೆ ತೋರಿಸುತ್ತದೆ, ಅದನ್ನು ನಂಬಿ ಇನ್ನೂ ಕಾಯಿಸಿದರೆ ಕೆಲಸ ಕೆಡುತ್ತದೆ. ಥರ್ಮೋಕಪಲ್ ತಾಗಿಸಿ ನೋಡಿ.

ಬ್ಲಾಸ್ಟಿಂಗ್‌ಗೆ ಮೊದಲೇ ಎಣ್ಣೆ, ಗ್ರೀಸ್ ತೆಗೆಯಿರಿ, ಚೂಪಾದ ಅಂಚುಗಳನ್ನು ಉರುಟು ಮಾಡಿ, ಯಾಕಂದ್ರೆ ಅಲ್ಲಿ ಪದರ ತೆಳುವಾಗಿಬಿಡುತ್ತದೆ. ಗೋವಾದಿಂದ, ಮುಂಬೈ ಬಂದರಿನಿಂದ ಬಂದ ಭಾಗಗಳಲ್ಲಿ ಉಪ್ಪು ಇರುತ್ತದೆ, ಅದನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಮಳೆಗಾಲದಲ್ಲಿ ಬ್ಲಾಸ್ಟ್ ಮಾಡಿದ ಉಕ್ಕು ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ ಅಲ್ವಾ? ಲೋಹ ಇಬ್ಬನಿ ಬಿಂದುವಿಗಿಂತ, ಅಂದ್ರೆ ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಬಿಸಿ ಇರಲಿ, ಬ್ಲಾಸ್ಟ್ ಆದ ಮೇಲೆ ಸುಮ್ನೆ ಬಿಡದೆ ಕೂಡಲೇ ಕಾಯಿಸಲು ಶುರು ಮಾಡಿ. ಕಂಪ್ರೆಸರ್ ಗಾಳಿಯನ್ನು ಬಿಳಿ ಬಟ್ಟೆಯ ಮೇಲೆ ಊದಿ, ಎಣ್ಣೆಯೋ ನೀರೋ ಕಂಡರೆ ಫಿಲ್ಟರ್ ನೋಡಿ. ಪುಡಿಯನ್ನೂ ಓವನ್‌ನಲ್ಲಿ ಒಣಗಿಸಿಕೊಳ್ಳಿ.

ಅಲ್ಯೂಮಿನಿಯಂ ಭಾಗವಾದರೆ ಗಿರಾಕಿಯನ್ನು ಮೊದಲೇ ಕೇಳಿ. ಹೀಟ್ ಟ್ರೀಟ್ ಆದ (ಕಾಯಿಸಿ ತಣಿಸಿ ಬಲ ಹೆಚ್ಚಿಸಿದ) ಅಲ್ಯೂಮಿನಿಯಂ ಈ ಬಿಸಿಗೆ ತನ್ನ ಬಲ ಕಳೆದುಕೊಳ್ಳುತ್ತದೆ. ಗ್ಯಾಲ್ವನೈಸ್ ಆಗಿದ್ದರೆ, ಅಂದ್ರೆ ಸತು ಲೇಪಿಸಿದ್ದರೆ, ಬೇಡವೇ ಬೇಡ, ಸತು 420 ಡಿಗ್ರಿ ಹತ್ತಿರ ಕರಗುತ್ತದೆ.

ನಿಧಾನವಾಗಿ ತಣಿಸಿದರೆ ಪೀಕ್ ಹರಳುಗಟ್ಟಿ ತಿಳಿ ಬಣ್ಣಕ್ಕೆ ಬರುತ್ತದೆ, ರಾಸಾಯನಿಕಗಳನ್ನು ಚೆನ್ನಾಗಿ ತಡೆಯುತ್ತದೆ. ನೀರಿಗೆ ಅದ್ದಿದರೆ ಕಂದು ಬಣ್ಣವಾಗುತ್ತದೆ, ಆ ಗುಣ ಅಷ್ಟು ಸಿಗುವುದಿಲ್ಲ. ಕೆಮಿಕಲ್ ಪಂಪಿನ ಭಾಗವನ್ನು ಅವಸರಕ್ಕೆ ಅದ್ದಬೇಡಿ.

ಹೊಗೆ ಎಳೆಯುವ ಫ್ಯಾನ್ ಓಡುತ್ತಿರಲಿ, ಮುಖಕ್ಕೆ ರೆಸ್ಪಿರೇಟರ್ ಇರಲಿ. ಬರಿ ಕರ್ಚೀಫ್ ಸಾಲದು. ನೆಲದ ಮೇಲಿನ ಪುಡಿಯನ್ನು ಗಾಳಿ ಹೊಡೆದು ಎಬ್ಬಿಸಬೇಡಿ, ಹಾರುವ ಪುಡಿಗೆ ಬೆಂಕಿ ತಗುಲಿದರೆ ಸ್ಫೋಟವಾಗಬಹುದು.

ಕೊನೆಗೆ ಪದರ 500 ಮೈಕ್ರಾನ್ ಒಳಗಿದ್ದರೆ ಪದರದ ಸಣ್ಣ ತೂತು ಹುಡುಕುವ ಒದ್ದೆ ಸ್ಪಂಜಿನ ಹಾಲಿಡೇ ಟೆಸ್ಟರ್ ಓಡಿಸಿ. ತೂತು ಸಿಕ್ಕರೆ ಇಡೀ ಪದರ ಕೀಳಬೇಕಿಲ್ಲ. ಪೀಕ್ ಮತ್ತೆ ಕರಗುತ್ತದೆ, ಆ ಜಾಗವನ್ನು ಸ್ವಚ್ಛ ಮಾಡಿ, ಕಾಯಿಸಿ, ಅಷ್ಟಕ್ಕೇ ಪುಡಿ ಹೊಡೆದು ಮತ್ತೆ ಟೆಸ್ಟ್ ಮಾಡಿ.