ಹ್ಯಾಲೋವೀನ್ ಸಾಮಾನಲ್ಲೇ ಮಕ್ಕಳಿಗೆ ಪ್ಯಾಟರ್ನ್ ಕಲಿಸಿ

ಅಮೆರಿಕದಲ್ಲಿರುವ ಅಪ್ಪ-ಅಮ್ಮಂದಿರೇ, ಅಕ್ಟೋಬರ್ 31ರ ಹ್ಯಾಲೋವೀನ್ ಹತ್ತಿರ ಬಂತು ಅಂದರೆ ಅಂಗಡಿ ತುಂಬಾ ಪುಟ್ಟ ಕುಂಬಳಕಾಯಿ, ಪ್ಲಾಸ್ಟಿಕ್ ಜೇಡ, ಬಾವಲಿ. ನಾಲ್ಕೈದು ವರ್ಷದ ಮಕ್ಕಳಿಗೆ ಪ್ಯಾಟರ್ನ್, ಅಂದರೆ ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಬರುವ ಜೋಡಣೆ, ಕಲಿಸಲು ಇವೇ ಸಾಕು, ವರ್ಕ್‌ಶೀಟ್ ಬೇಡ.

ಕುಂಬಳಕಾಯಿ, ಜೇಡ, ಕುಂಬಳಕಾಯಿ, ಜೇಡ ಅಂತ ಜೋರಾಗಿ ಹೇಳುತ್ತಾ ಸಾಲಾಗಿ ಇಡಿ. ಕಿವಿಗೆ ಲಯ ಬಿದ್ದರೆ ಮುಂದಿನದು ತಾನಾಗೇ ಹೊಳೆಯುತ್ತದೆ. ಜೋಡಿ ಕನಿಷ್ಠ ಮೂರು ಸಲ ಬರಲಿ. ಒಂದೇ ಜೋಡಿ ಇಟ್ಟು ‘ಮುಂದೇನು?’ ಅಂದರೆ ಮಗು ಸುಮ್ನೆ ಊಹೆ ಮಾಡಬೇಕಾಗುತ್ತದೆ, ಅಲ್ವಾ?

ಅದು ಬಂದ ಮೇಲೆ ಸಾಲಿನ ಮಧ್ಯದ ಒಂದನ್ನು ಕೈಯಲ್ಲಿ ಮುಚ್ಚಿ, ‘ಇಲ್ಲೇನಿದೆ?’ ಅಂತ ಕೇಳಿ. ಇದು ಜಾಸ್ತಿ ಕಷ್ಟ, ಅವಸರ ಮಾಡಬೇಡಿ. ಮಗು ಹಿಂದೆ ಮುಂದೆ ಎರಡೂ ಕಡೆ ನೋಡಿ ಯೋಚಿಸಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದ ಆಟ ಇದೇ.

ನಂತರ ಕುಂಬಳಕಾಯಿ, ಜೇಡ, ಜೇಡ. ಮತ್ತೆ ಮತ್ತೆ ಬರುವ ಗುಂಪಿನ ಸುತ್ತ ಉಲ್ಲನ್ ದಾರ ಹಾಕಿಸಿ. ಆಮೇಲೆ ಅದನ್ನೇ ಮೈಯಲ್ಲಿ ಮಾಡಿಸಿ: ಕುಂಬಳಕಾಯಿಗೆ ಒಂದು ಚಪ್ಪಾಳೆ, ಜೇಡಕ್ಕೆ ಕಾಲು ಕುಟ್ಟೋದು. ಸಾಮಾನು ಬದಲಾದರೂ ಕ್ರಮ ಅದೇ ಅಂತ ಮಗುವಿಗೆ ಗೊತ್ತಾಗುತ್ತದೆ.

ಮೂರರ ಪ್ಯಾಟರ್ನ್‌ಗೆ ಕ್ಯಾಂಡಿ ಕಾರ್ನ್ ಅನ್ನೋ ಹ್ಯಾಲೋವೀನ್ ಮಿಠಾಯಿಯ ಮೂರು ಬಣ್ಣಗಳು ಚೆನ್ನ. ಹಳದಿ, ಕಿತ್ತಳೆ, ಬಿಳಿ ಕಾಗದದ ಪಟ್ಟಿಗಳಿಂದ ಸರಪಳಿ ಮಾಡಿ ಬಾಗಿಲಿಗೆ ಕಟ್ಟಿ.

ಮಗು ತಪ್ಪಿಟ್ಟರೆ ‘ತಪ್ಪು’ ಅನ್ನಬೇಡಿ. ಮೊದಲಿಂದ ಬೆರಳಿಟ್ಟು ಒಟ್ಟಿಗೆ ಓದಿ, ಅದೇ ಕಂಡುಹಿಡಿಯುತ್ತದೆ. ಮನೆಯಲ್ಲಿ ಮೂರು ವರ್ಷದೊಳಗಿನ ಪುಟಾಣಿ ಇದ್ದರೆ ಸಣ್ಣ ಜೇಡ, ಕ್ಯಾಂಡಿ ಕೈಗೆ ಸಿಗದಂತೆ ಇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.